ನೆಲ ಕೊಡಿಸಿದ ಉಪಾಧ್ಯಾಯರು

(ಸಂಘದ ವಾರ್ಷಿಕೋತ್ಸವದ ಅಂಗವಾಗಿ ಫಾತೋರ್ಡಾದಲ್ಲಿ ಮಾಡಿದ ಉಪನ್ಯಾಸ)



ವಾರ್ಷಿಕೋತ್ಸವದ ಶುಭಸಂದರ್ಭದಲ್ಲಿ ನುಡಿಯ ಹಿರಿಮೆಯನ್ನು ಕೊಂಡಾಡುವುದು ವಾಡಿಕೆ. ಇಂದು ಆ ವಾಡಿಕೆಯಿಂದ ತುಸು ಸರಿದು ನೆಲದ ವಿಚಾರವನ್ನು ನಿಮ್ಮ ಮುಂದಿಡಬಯಸುತ್ತೇವೆ. ಈ ಫಾತೋರ್ಡಾದಲ್ಲಿ ನಾಲ್ವರು ಕನ್ನಡಿಗರು ಕೂಡಿದೆಡೆ ಮಾತು ಎಲ್ಲಿಂದ ಹೊರಟರೂ ಕೊನೆಗೆ ಬಂದು ನಿಲ್ಲುವುದು ನಿವೇಶನದ ಬೆಲೆಯಲ್ಲಿ, ಇಲ್ಲವೆ ಮನೆಯ ಬಾಡಿಗೆಯಲ್ಲಿ. ಗೋವೆಯಲ್ಲಿ ಏಳುತ್ತಿರುವ ವಸತಿ ಸಮುಚ್ಚಯಗಳ ಕಲ್ಲು ಮಣ್ಣುಗಳನ್ನು ಹೊತ್ತವರಲ್ಲಿ ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ ಸೀಮೆಗಳಿಂದ ಬಂದ ನಮ್ಮವರು ಅನೇಕರು. ಕಟ್ಟಡ ಮುಗಿದೊಡನೆ ಕಟ್ಟಿದವನು ಗುಡಾರ ಕಿತ್ತು ಮುಂದೆ ನಡೆಯುತ್ತಾನೆ. ಅವನ ಹಿಂದೆ ಪಾಟಿಚೀಲ ಹಿಡಿದ ಮಗುವೂ ನಡೆಯುತ್ತದೆ. ಶಾಲೆ ಮಾತ್ರ ಹಿಂದೆಯೇ ಉಳಿಯುತ್ತದೆ.

ಉಪಾಧ್ಯಾಯ ವೃತ್ತಿಯಲ್ಲಿ ಸಂಸಾರ ಸಾಗದೆ ನಿವೇಶನದ ವ್ಯವಹಾರಕ್ಕೆ ಇಳಿದವರನ್ನು ಲೋಕ ಕಂಡಿದೆ. ಅವರಲ್ಲಿ ಗಳಿಸಿದುದರ ಒಂದು ಪಾಲನ್ನು ಧರ್ಮಕ್ಕೆ ಎತ್ತಿಟ್ಟ ಪುಣ್ಯವಂತರೂ ಉಂಟು. ಅವರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಕೊಳ್ಳುವವನಿಗೂ ಮಾರುವವನಿಗೂ ನಡುವೆ ನಿಲ್ಲುವುದು ಒಂದು ಉದ್ಯೋಗ; ಪ್ರಾಮಾಣಿಕವಾಗಿ ಮಾಡಿದರೆ ಅದು ಗೌರವದ ಉದ್ಯೋಗವೇ ಸರಿ. ಆದರೆ ನೆಲವುಳ್ಳವರಿಗೂ ನೆಲವಿಲ್ಲದವರಿಗೂ ನಡುವೆ ನಿಂತು, ಒಂದು ಕಾಸಿನ ದಲ್ಲಾಳಿಯನ್ನೂ ಪಡೆಯದೆ, ಬದಲಿಗೆ ತಮ್ಮದೆಲ್ಲವನ್ನೂ ಕೊಟ್ಟ ಉಪಾಧ್ಯಾಯರೊಬ್ಬರು ನಮ್ಮ ಗಡಿನಾಡಿನಲ್ಲೇ ಆಗಿಹೋದರು. ಅವರೇ ಕುದ್ಮುಲ್ ರಂಗರಾಯರು.

ರಂಗರಾಯರು 1859ರ ಜೂನ್ 29ರಂದು ಕಾಸರಗೋಡು ಸೀಮೆಯ ಕುದ್ಮುಲಿನಲ್ಲಿ ಜನಿಸಿದರು. ಅಂದು ಮದರಾಸು ಆಡಳಿತಕ್ಕೆ ಸೇರಿದ್ದ ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತೆಂಬುದನ್ನು ಗಡಿನಾಡಿನ ಕನ್ನಡಿಗರಿಗೆ ನೆನಪಿಸಬೇಕಾಗಿಲ್ಲ. ಅವರ ಕುಲ ಸಾರಸ್ವತ. ಪೂರ್ವಿಕರು ಈ ಗೋಮಂತಕದಿಂದ ತೆಂಕಣಕ್ಕೆ ಇಳಿದುಬಂದವರೆಂಬುದು ಆ ಸಮಾಜದ ಪರಂಪರೆಯ ನಂಬಿಕೆ. ಆದುದರಿಂದ ಈ ನೆಲದಲ್ಲಿ ಅವರ ಹೆಸರನ್ನೆತ್ತುವುದು ಪರಕೀಯವಲ್ಲ.

ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ ರಂಗರಾಯರು ಮಂಗಳೂರಿಗೆ ಬಂದು, ತಿಂಗಳಿಗೆ 8 ರೂಪಾಯಿ ವೇತನದ ಉಪಾಧ್ಯಾಯರಾದರು. ಮಕ್ಕಳಿಗೆ ಪಾಠ ಹೇಳುತ್ತ ತಾವೂ ಓದಿದರು. ಪ್ಲೀಡರ್ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ ವಕೀಲರಾದರು. ಬಡವರ ಪಕ್ಷ ವಹಿಸುವ ಸತ್ಯಸಂಧ ವಕೀಲರೆಂಬ ಹೆಸರು ಬೇಗನೆ ಬಂದಿತು. ಮಂಗಳೂರಿನ ಬ್ರಹ್ಮಸಮಾಜದ ಸಂಪರ್ಕವು ಅವರ ದೃಷ್ಟಿಯನ್ನು ವಿಶಾಲಗೊಳಿಸಿತು. ನ್ಯಾಯಾಲಯದಲ್ಲಿ ಗೆದ್ದುಕೊಡಬಹುದಾದ ನ್ಯಾಯಕ್ಕಿಂತ ಹಿರಿದಾದ ಅನ್ಯಾಯವೊಂದು ಊರಿನ ಹೊರಗೆ ಕುಳಿತಿರುವುದನ್ನು ಅವರು ಕಂಡರು. ಅಸ್ಪೃಶ್ಯರೆಂದು ದೂರವಿಡಲ್ಪಟ್ಟ ಜನರ ಮಕ್ಕಳಿಗೆ ಶಾಲೆಯ ಹೊಸ್ತಿಲೂ ನಿಷಿದ್ಧವಾಗಿತ್ತು.

1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಅವರು ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ವಿರೋಧ ಕೂಡಲೇ ಎದ್ದಿತು. ಸ್ವಜಾತಿಯವರು ಬಹಿಷ್ಕಾರ ಹಾಕಿದರು. ಪಾಠ ಹೇಳಲು ಒಪ್ಪುವವರು ದೊರೆಯುವುದೇ ದುರ್ಲಭವಾಯಿತು. ಶಾಲೆಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಎತ್ತಿಕೊಂಡು ಅಲೆಯಬೇಕಾಯಿತು. ರಾಯರು ಹಿಂಜರಿಯಲಿಲ್ಲ. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ ಕಾರ್ಯಕ್ಕೆ ಭದ್ರವಾದ ಬುನಾದಿ ಹಾಕಿದರು.

ಇಲ್ಲಿ ನಾವು ಗಮನಿಸಬೇಕಾದುದು ಅವರ ಕಾರ್ಯದ ಕ್ರಮವನ್ನು. ಮಗು ಶಾಲೆಗೆ ಬಾರದಿದ್ದರೆ ಸಾಮಾನ್ಯ ಉಪಾಧ್ಯಾಯನು ಮಗುವನ್ನು ಗದರುತ್ತಾನೆ, ಇಲ್ಲವೆ ತಂದೆಯನ್ನು ದೂರುತ್ತಾನೆ. ರಾಯರು ಕಾರಣವನ್ನು ಹುಡುಕಿದರು. ಹಸಿವು ಕಾರಣವೆಂದು ತಿಳಿದಾಗ ಮಧ್ಯಾಹ್ನದ ಊಟ ಇಕ್ಕಿದರು. ಮಗುವಿನ ಕೂಲಿ ತಪ್ಪಿದರೆ ಮನೆಯ ಒಲೆ ಉರಿಯದೆಂದು ತಿಳಿದಾಗ, ಹಾಜರಾದ ಮಕ್ಕಳಿಗೆ ಅಲ್ಪಸ್ವಲ್ಪ ಹಣವನ್ನೂ ಕೊಟ್ಟರು. ಅಕ್ಷರದ ಜೊತೆಗೆ ಕಸುಬು ಬೇಕೆಂದು ನೇಯ್ಗೆ, ಮರಗೆಲಸಗಳನ್ನು ಕಲಿಸಿದರು. ಇಷ್ಟಾದರೂ ಒಂದು ತೊಡಕು ಉಳಿಯಿತು. ಒಡೆಯನ ಭೂಮಿಯಲ್ಲಿ ಗುಡಿಸಲು ಹಾಕಿಕೊಂಡವನು ಒಡೆಯನ ಇಚ್ಛೆಗೆ ವಿರುದ್ಧವಾಗಿ ಮಗನನ್ನು ಶಾಲೆಗೆ ಕಳುಹಿಸುವುದೆಂತು? ಗುಡಿಸಲು ಕಿತ್ತರೆ ಶಾಲೆಯೂ ಕಿತ್ತಂತೆಯೇ.

ಆದುದರಿಂದ ಆ ಉಪಾಧ್ಯಾಯರು ನೆಲದ ಕೆಲಸಕ್ಕೆ ಕೈಹಾಕಿದರು. ಮಂಗಳೂರಿನ ಕೊಡಿಯಾಲಬೈಲಿನಲ್ಲಿ ಸಂಸ್ಥೆಗೆ ಭೂಮಿ ಸಂಪಾದಿಸಿ ಶಾಲೆಯನ್ನು ನೆಲೆಗೊಳಿಸಿದರು. ಬೇರೆ ಬೇರೆ ಕಡೆಗಳಲ್ಲಿ ದಲಿತ ಕುಟುಂಬಗಳಿಗೆ ನಿವೇಶನಗಳನ್ನು ಒದಗಿಸಿ ಅವರ ಮನೆಗಳು ಏಳುವಂತೆ ಮಾಡಿದರು. ವಕೀಲಿಯಿಂದ ಬಂದ ಕಾನೂನಿನ ಜ್ಞಾನ ಇಲ್ಲಿ ಸಾರ್ಥಕವಾಯಿತು. ಪತ್ರವಿಲ್ಲದ ದಾನವು ದಾನಿಯ ಮನಸ್ಸು ಬದಲಾದೊಡನೆ ಮಾಯವಾಗುತ್ತದೆ. ಹಕ್ಕಿನ ನೆಲವು ಮೊಮ್ಮಕ್ಕಳವರೆಗೆ ಉಳಿಯುತ್ತದೆ. ಅವರು ಅಷ್ಟಕ್ಕೇ ನಿಲ್ಲದೆ, ಸ್ಥಳೀಯ ಆಡಳಿತ ಸಭೆಗಳಲ್ಲಿ ದಲಿತರಿಗೆ ಪ್ರಾತಿನಿಧ್ಯ ದೊರೆಯಬೇಕೆಂದೂ ಶ್ರಮಿಸಿದರು.

ಪರೋಪದೇಶಕ್ಕೆ ಪಾಂಡಿತ್ಯ ಸಾಕು, ಆಚರಣೆಗೆ ಧೈರ್ಯ ಬೇಕು. ವಿಧವೆಯಾಗಿದ್ದ ಮಗಳು ರಾಧಾಬಾಯಿಯನ್ನು ರಾಯರು ಓದಿಸಿದರು, 1912ರಲ್ಲಿ ಡಾ. ಪಿ. ಸುಬ್ಬರಾಯನ್ ಅವರೊಡನೆ ಆಕೆಯ ಅಂತರ್ಜಾತೀಯ ವಿವಾಹವಾಯಿತು. ಆಕೆ ಮುಂದೆ ದುಂಡು ಮೇಜಿನ ಪರಿಷತ್ತಿನಲ್ಲಿ ಭಾರತದ ಮಹಿಳೆಯರ ಪರವಾಗಿ ಕುಳಿತರು. ಆಕೆಯ ಪುತ್ರ ಜನರಲ್ ಕುಮಾರಮಂಗಲಂ 1966ರಿಂದ 1969ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದರು.

ಜೀವನದ ಕೊನೆಯಲ್ಲಿ ರಾಯರು ಸಂನ್ಯಾಸ ಸ್ವೀಕರಿಸಿದರು. 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಅಂತ್ಯಕ್ರಿಯೆಯನ್ನು ದಲಿತರೇ ನೆರವೇರಿಸಬೇಕೆಂಬುದು ಅವರ ಇಚ್ಛೆಯಾಗಿತ್ತು. ತಾವು ಓದಿಸಿದ ಸಮಾಜದ ಮಗುವೊಂದು ಸರ್ಕಾರಿ ಅಧಿಕಾರಿಯಾಗಿ ಕಾರಿನಲ್ಲಿ ಸಾಗುವಾಗ, ಆ ಚಕ್ರದ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕವೆಂದು ಅವರು ಬಯಸಿದ್ದರು. ಮಂಗಳೂರಿನ ಪುರಭವನ ಇಂದು ಅವರ ಹೆಸರನ್ನು ಹೊತ್ತಿದೆ.

ಮಹನೀಯರೇ, ಇಂತಹ ಚರಿತ್ರೆಯನ್ನು ಕೇಳಿ ಚಪ್ಪಾಳೆ ತಟ್ಟಿ ಎದ್ದುಹೋಗುವುದು ಸುಲಭ. ನಮಗೆ ಹೊಳೆದ ಎರಡು ಸಣ್ಣ ಕೆಲಸಗಳನ್ನು ಮಾತ್ರ ವಿನಂತಿಸಿಕೊಳ್ಳುತ್ತೇವೆ. ನಮ್ಮಲ್ಲಿ ನೆಲದ ಕಾಗದಪತ್ರಗಳನ್ನು ಬಲ್ಲವರು, ನಿವೇಶನದ ವ್ಯವಹಾರದಲ್ಲಿ ಪಳಗಿದವರು ಇದ್ದಾರೆ. ವಾರಕ್ಕೊಂದು ಸಂಜೆ ಅವರು ಸಂಘದಲ್ಲಿ ಕುಳಿತು, ಓದು ಬಾರದ ಕನ್ನಡ ಕುಟುಂಬದ ಬಾಡಿಗೆಯ ಕರಾರನ್ನೋ ಖರೀದಿ ಪತ್ರವನ್ನೋ ಓದಿ ಹೇಳಲಿ. ಕರಾರಿಲ್ಲದವನಿಗೆ ವಿಳಾಸವಿಲ್ಲ, ವಿಳಾಸವಿಲ್ಲದವನ ಮಗು ಶಾಲೆಯ ಬಾಗಿಲಲ್ಲೇ ತಡವರಿಸುತ್ತದೆ. ಎರಡನೆಯದಾಗಿ, ಕಟ್ಟಡ ಮುಗಿದು ಕುಟುಂಬ ಬೇರೆಡೆಗೆ ಹೊರಟಾಗ, ಆ ಮಗುವಿನ ವರ್ಗಾವಣೆ ಪತ್ರವನ್ನು ತೆಗೆಸಿಕೊಟ್ಟು, ಹೋದ ಊರಿನ ಶಾಲೆಗೆ ಸೇರಿಸುವ ಹೊಣೆಯನ್ನು ಸಂಘವು ಹೊರಲಿ.

ಇದಕ್ಕೆ ಲಕ್ಷಗಳು ಬೇಡ. ಸ್ವಲ್ಪ ವೇಳೆ, ಸ್ವಲ್ಪ ಸಹನೆ ಸಾಕು. 8 ರೂಪಾಯಿ ಸಂಬಳದ ಉಪಾಧ್ಯಾಯರೊಬ್ಬರು ಅಷ್ಟನ್ನು ಸಾಧಿಸಿದರೆಂದ ಮೇಲೆ, ಇಷ್ಟು ಜನ ಕೂಡಿದ ನಾವು ಇಷ್ಟನ್ನಾದರೂ ಮಾಡಲಾರೆವೆನ್ನುವುದು ನಾಚಿಕೆಯ ಮಾತು.