ಮುಹೂರ್ತ ಬೇಡದ ಬಾಗಿಲು



ಸಕಲೇಶಪುರ, ಆಲೂರು ಸೀಮೆಯ ನಮ್ಮ ನೆರೆಯ ಬೇಲೂರಿನ ಗುಡಿಯ ಮಾತು ಬಂದರೆ ಶಿಲಾಬಾಲಿಕೆಯರನ್ನು ಹೊಗಳುವುದು ವಾಡಿಕೆ. ನಾನು ಅದರ ಬಾಗಿಲಿನ ಬಗ್ಗೆ ಮಾತಾಡುತ್ತೇನೆ. ಮೇಲುಕೋಟೆಯಲ್ಲೂ ಬೇಲೂರಿನಲ್ಲೂ ತಿರುಕುಲದವರು, ಎಂದರೆ ಅಸ್ಪೃಶ್ಯರೆಂದು ಹೊರಗಿಡಲ್ಪಟ್ಟವರು, ವರ್ಷದಲ್ಲಿ ಗೊತ್ತಾದ ಕೆಲವು ದಿನ ಮಾತ್ರ ಗುಡಿಯೊಳಗೆ ಹೋಗಬಹುದಿತ್ತು ಎಂದು ರೈಸ್ ಅವರ ಮೈಸೂರು ಗ್ಯಾಸೆಟಿಯರ್ ದಾಖಲಿಸುತ್ತದೆ. ಇದು ರಾಮಾನುಜರು ಕೊಟ್ಟ ಸವಲತ್ತೆಂಬುದು ಪ್ರತೀತಿ. ಬೇರೆಡೆ ಒಂದು ದಿನವೂ ಸಿಗದಿದ್ದ ಕಾಲಕ್ಕೆ ಇದು ಸಣ್ಣದಲ್ಲ. ಆದರೂ ದಿನ ಗೊತ್ತುಮಾಡಿದವರ ಸೊಂಟದಲ್ಲೇ ಬೀಗದ ಕೈ ಉಳಿಯಿತು. ಕೊಟ್ಟವರು ಹಿಂದಕ್ಕೆ ಪಡೆಯಬಹುದಾದದ್ದು ದಾಕ್ಷಿಣ್ಯ. ಯಾರ ಅಪ್ಪಣೆಗೂ ಕಾಯದೆ ಒಳಗೆ ಹೆಜ್ಜೆ ಇಡುವುದು ಹಕ್ಕು. 1948ರ ಮೈಸೂರು ದೇವಾಲಯ ಪ್ರವೇಶ ಕಾಯ್ದೆಯೂ ಸಂವಿಧಾನದ 17 ಮತ್ತು 25ನೇ ವಿಧಿಗಳೂ ದಾಕ್ಷಿಣ್ಯವನ್ನು ಹಕ್ಕಾಗಿಸಿದವು. ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಮೊಕದ್ದಮೆಯಲ್ಲಿ 1957ರಲ್ಲಿ ಸುಪ್ರೀಂ ಕೋರ್ಟು ಲೆಕ್ಕವನ್ನೇ ತಲೆಕೆಳಗು ಮಾಡಿತು: ಗುಡಿ ಎಲ್ಲ ಹಿಂದೂಗಳಿಗೂ ತೆರೆದಿರಬೇಕು, ಅದನ್ನು ತಮ್ಮದೆನ್ನುತ್ತಿದ್ದ ಗೌಡ ಸಾರಸ್ವತರು ಕೆಲವು ವಿಶೇಷ ಸೇವೆಗಳನ್ನಷ್ಟೇ ತಮಗೆಂದು ಉಳಿಸಿಕೊಳ್ಳಬಹುದು. ಹಿಂದೆ ಹೊರಗಿನವರಿಗೆ ಎಣಿಸಿ ಕೊಡುತ್ತಿದ್ದ ದಿನಗಳು ಈಗ ಒಳಗಿನವರ ಪಾಲಿಗೆ ಬಂದವು.

‘ಕಾಯ್ದೆಯಿಂದ ಮನಸ್ಸು ಬದಲಾಗದು, ಭಕ್ತಿಯ ವಿಷಯವನ್ನು ಕಾಲಕ್ಕೆ ಬಿಡಿ’ ಎನ್ನುವವರಿದ್ದಾರೆ. ಹಾಗೆ ಬಿಟ್ಟು ನೋಡಿದ ದೇಶ ಅಮೆರಿಕ. 1960ರಲ್ಲಿ ಅಟ್ಲಾಂಟಾದ ಕರಿಯ ವಿದ್ಯಾರ್ಥಿಗಳು ಬಿಳಿಯರ ಚರ್ಚುಗಳಿಗೆ ಪ್ರಾರ್ಥನೆಗೆಂದು ಹೋದರು. ಕೆಲವೆಡೆ ಒಳಗೆ ಕೂರಿಸಿಕೊಂಡರು, ಕೆಲವೆಡೆ ಬಾಗಿಲಲ್ಲೇ ತಡೆದರು. ಭಾನುವಾರದ ಪ್ರಾರ್ಥನೆಯ ಗಳಿಗೆಯಲ್ಲೇ ತನ್ನ ದೇಶ ಅತಿ ಹೆಚ್ಚು ಒಡೆದಿರುತ್ತದೆ ಎಂದು ಮಾರ್ಟಿನ್ ಲೂಥರ್ ಕಿಂಗ್ ನೊಂದು ನುಡಿದದ್ದೂ ಆ ವರ್ಷವೇ. 1964ರ ನಾಗರಿಕ ಹಕ್ಕು ಕಾಯ್ದೆ ಹೋಟೆಲು, ಸಿನಿಮಾ ಮಂದಿರಗಳ ಬಾಗಿಲು ತೆರೆಸಿತು, ಚರ್ಚಿನ ಬಾಗಿಲನ್ನು ಮುಟ್ಟಲಿಲ್ಲ. ಆಮೇಲೂ ಬಹುಪಾಲು ಚರ್ಚುಗಳಲ್ಲಿ ಕರಿಯರೂ ಬಿಳಿಯರೂ ಬೇರೆ ಬೇರೆಯೇ ಕುಳಿತರು. ಇನ್ನು ನಮ್ಮಲ್ಲಿ ಕೆಲವರು ‘ಜಾತಿ ಗುಡಿಯ ರೋಗ, ಚರ್ಚಿಗೆ ಸೋಂಕಿಲ್ಲ’ ಎನ್ನುತ್ತಾರೆ. ತನ್ನೊಳಗೂ ದಲಿತರಿಗೆ ತಾರತಮ್ಯವಿದೆಯೆಂದು ಭಾರತದ ಕ್ಯಾಥೊಲಿಕ್ ಬಿಷಪರ ಮಂಡಳಿಯೇ 2016ರಲ್ಲಿ ಒಪ್ಪಿಕೊಂಡ ಮೇಲೆ ಆ ಮಾತಿಗೆ ಬಲವಿಲ್ಲ.

ಹಾಗಾದರೆ ಕಾಯ್ದೆಯಿಂದಲೇ ಎಲ್ಲ ಆಯಿತೆ? ನಮ್ಮ ಜಿಲ್ಲೆಯದೇ ಆದ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ 2015ರಲ್ಲಿ ಬಸವೇಶ್ವರನ ಗುಡಿಗೆ ಹೋದ ದಲಿತ ಹೆಣ್ಣುಮಕ್ಕಳಿಗೆ ಊರು ದಂಡ ಹಾಕಿತು. ಹಕ್ಕು ಕಾಗದದಲ್ಲಿತ್ತು, ದಂಡ ಹಾಕುವ ಬಲ ಊರಲ್ಲಿತ್ತು. ಕೂಲಿಯೂ ಸಾಲವೂ ಊರ ಯಜಮಾನರ ಕೈಯಲ್ಲಿರುವಾಗ ದೇವರೆದುರು ತಲೆಯೆತ್ತಿ ನಿಲ್ಲುವುದು ಸುಲಭವಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಇದನ್ನು ಬೇಗ ಕಂಡುಕೊಂಡರು. ಜಾತಿ ಬಿಟ್ಟು ಕ್ರೈಸ್ತರಾದವರ ಕಸುಬೂ ಕೈತಪ್ಪುತ್ತಿತ್ತು. ಅದಕ್ಕೇ ಮಗ್ಗ ಹಾಕಿದರು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮತಾಂತರದ ಬಗ್ಗೆ ನಮ್ಮ ನಿಲುವು ಏನೇ ಇರಲಿ, ಆ ಪಾಠ ದೊಡ್ಡದು: ಪ್ರಾರ್ಥನೆಯ ಸಾಲಿನಲ್ಲಿ ಸಮನಾಗಿ ನಿಲ್ಲಲು ಸಂಬಳದ ಆಸರೆ ಬೇಕು.

ನಮ್ಮ ಕಾಫಿ ತೋಟಗಳ ಲೈನ್ ಮನೆಗಳನ್ನು ಇದೇ ಬೆಳಕಿನಲ್ಲಿ ನೋಡಬೇಕು. ಕೆಲಸ ಹೋದರೆ ಸೂರೂ ಹೋಗುವ ಮನೆಯಲ್ಲಿ ಇರುವವರು ಜಾತ್ರೆಯ ಸಮಿತಿಯಲ್ಲಿ ಎದ್ದುನಿಂತು ‘ನಮಗೂ ಪಾಲಿದೆ’ ಎನ್ನುವುದು ಹೇಗೆ? ತೋಟದ ಕೂಲಿಯವರಿಗೆ ಸ್ವಂತ ನಿವೇಶನ ಕೊಡಿ ಎಂಬುದು ಈ ಸಾಹಿತ್ಯ ಸಮ್ಮೇಳನದ ಮೊದಲ ನಿರ್ಣಯವಾಗಲಿ. ಸಾಹಿತ್ಯದ ವೇದಿಕೆಯಲ್ಲಿ ಸೈಟಿನ ಮಾತೇಕೆ ಎಂದು ಯಾರಾದರೂ ಕೇಳಿಯಾರು. ಅವರನ್ನು ಬೇಲೂರಿನ ಬಾಗಿಲ ಬಳಿ ಕರೆದುಕೊಂಡು ಹೋಗಿ, ಒಳಗೆ ಬರಲು ಗೊತ್ತಾದ ದಿನಕ್ಕಾಗಿ ವರ್ಷವಿಡೀ ಕಾದವರು ಎಲ್ಲಿ ನಿಂತಿದ್ದರು ಎಂಬುದನ್ನು ತೋರಿಸೋಣ.