ಕುಮ್ಕಿಯ ಹಕ್ಕು ಮತ್ತು ಗದ್ದೆಯ ಹಿತ

(ರೈತರಿಗಾಗಿ ನೀಡಿದ ಉಪನ್ಯಾಸದ ಪಾಠ)



ಸಾಸ್ತಾನದ ಆಸುಪಾಸಿನಲ್ಲಿ ಭೂಮಿಯ ಮಾತು ಬಂದಾಗ ಕುಮ್ಕಿಯ ಪ್ರಶ್ನೆ ಏಳದೆ ಇರುವುದಿಲ್ಲ. ಕುಮ್ಕಿ ಜಾಗವನ್ನು ವರ್ಗದಾರರ ಹೆಸರಿಗೇ ಮಾಡಿಕೊಡಬೇಕು ಎಂಬುದು ಒಂದು ವಾದ. ಅದು ಸರ್ಕಾರದ ಜಾಗ, ಮನೆ ನಿವೇಶನವಿಲ್ಲದವರಿಗೆ ಹಂಚಬೇಕು ಎಂಬುದು ಇನ್ನೊಂದು. ಮರಗಿಡ ಬೆಳೆದಿರುವುದರಿಂದ ಅದು ಕಾಡು, ಯಾರೂ ಮುಟ್ಟಬಾರದು ಎಂಬುದು ಮೂರನೆಯದು. ಮೂರರಲ್ಲಿಯೂ ಹುರುಳಿದೆ. ಆದರೆ ಈ ಸವಲತ್ತು ಯಾತಕ್ಕಾಗಿ ಹುಟ್ಟಿತು ಎಂಬುದನ್ನು ಮೂರೂ ಕಡೆಯವರು ಮರೆಯುತ್ತಿದ್ದಾರೆ. ಮರೆತರೆ ನಷ್ಟವಾಗುವುದು ಗದ್ದೆಗೆ.

ಕುಮ್ಕಿ ಎಂದರೇನು?

ಕುಮ್ಕಿ ಎಂಬ ಪದದ ಮೂಲ ಪಾರ್ಸಿಯ 'ಕುಮಕ್', ಅಂದರೆ ಸಹಾಯ. ಸಾಗುವಳಿ ಭೂಮಿಗೆ ಸಹಾಯಕವಾದ ಜಾಗವೇ ಕುಮ್ಕಿ. ದಕ್ಷಿಣ ಕನ್ನಡ ಮದ್ರಾಸು ಪ್ರಾಂತ್ಯಕ್ಕೆ ಸೇರಿದ್ದಾಗ ಕಂದಾಯ ಮಂಡಳಿಯ ಆದೇಶಗಳಲ್ಲಿ ಇದಕ್ಕೆ ಸ್ಪಷ್ಟ ರೂಪ ಬಂತು. ವರ್ಗ ಜಾಗದ ಗಡಿಯಿಂದ 100 ಗಜ, ಅಂದರೆ ಸುಮಾರು 91 ಮೀಟರು ದೂರದೊಳಗಿನ ಸರ್ಕಾರಿ ಭೂಮಿಯಲ್ಲಿ ಸೊಪ್ಪು, ತರಗೆಲೆ, ಹುಲ್ಲು, ಸೌದೆ ತೆಗೆಯಲು, ದನ ಮೇಯಿಸಲು, ಕೃಷಿಗೂ ಮನೆಗೂ ಬೇಕಾದ ಮರಮಟ್ಟು ಪಡೆಯಲು ವರ್ಗದಾರನಿಗೆ ಅವಕಾಶವಿತ್ತು. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 79(2)ನೆಯ ಕಲಮು ಈ ಸವಲತ್ತನ್ನು ಮುಂದುವರಿಸಿತು. ಅದರಲ್ಲಿ ಕುಮ್ಕಿಯ ಜೊತೆಗೆ ಬಾಣೆ, ಕಾನೆ, ಉತ್ತರ ಕನ್ನಡದ ಬೆಟ್ಟ ಮತ್ತು ಹಾಡಿ, ಮೈಸೂರು ಭಾಗದ ಸೊಪ್ಪಿನಬೆಟ್ಟಗಳ ಹೆಸರೂ ಇದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕಾಯಿದೆ ಬಳಸಿದ ಪದ ಸವಲತ್ತು, ಒಡೆತನವಲ್ಲ. ಸೊಪ್ಪಿನ ಹಕ್ಕು ರೈತನದು, ನೆಲ ಸರ್ಕಾರದ್ದು. ಸಾರ್ವಜನಿಕ ಉದ್ದೇಶಕ್ಕೆ ಬೇಕಾದರೆ ಸರ್ಕಾರ ಆ ಜಾಗವನ್ನು ಹಿಂದಕ್ಕೆ ಪಡೆಯಬಹುದು.

ಗದ್ದೆಗೂ ಹಾಡಿಗೂ ಇರುವ ಸಂಬಂಧ

ಸಾಸ್ತಾನದಲ್ಲಿ ಕಡಲ ಕಡೆಗೆ ಮರಳು ನೆಲ, ನಡುವೆ ಬೈಲು ಗದ್ದೆ, ಮಂದಾರ್ತಿಯ ಕಡೆಗೆ ಮೂಡಲಿಗೆ ಹೋದಂತೆ ಮುರಕಲ್ಲಿನ ದಿಬ್ಬಗಳು. ಕರಾವಳಿಯಲ್ಲಿ ವರ್ಷಕ್ಕೆ 3500ರಿಂದ 4000 ಮಿಲಿಮೀಟರು ಮಳೆ ಸುರಿಯುತ್ತದೆ. ಈ ಮಳೆ ಮಣ್ಣಿನಲ್ಲಿರುವ ಸುಣ್ಣ, ಪೊಟ್ಯಾಷ್ ಮೊದಲಾದವನ್ನು ಬಸಿದುಕೊಂಡು ಹೋಗುವುದರಿಂದ ಗದ್ದೆ ಹುಳಿಯಾಗುತ್ತದೆ. ಹಿರಿಯರು ಹಾಡಿಯ ಸೊಪ್ಪು ಮತ್ತು ತರಗೆಲೆಯನ್ನು ಹಟ್ಟಿಗೆ ಹಾಸಿ, ದನದ ಸಗಣಿ ಗಂಜಲದೊಡನೆ ಕೊಳೆಸಿ, ಕಾರ್ತಿ ಬೆಳೆಗೆ ಮೊದಲು ಗದ್ದೆಗೆ ಹೊತ್ತು ಹಾಕುತ್ತಿದ್ದರು. ಮಳೆ ಕೊಂಡೊಯ್ದದ್ದರಲ್ಲಿ ಒಂದು ಪಾಲನ್ನು ಮರದ ಬೇರು ಆಳದಿಂದ ಮೇಲೆ ತಂದು ಎಲೆಯ ಮೂಲಕ ಹಿಂದಿರುಗಿಸುತ್ತಿತ್ತು. ಹಾಡಿಯಿಂದ ಮತ್ತೊಂದು ಉಪಕಾರವೂ ಇದೆ. ಮರಗಿಡಗಳಿರುವ ದಿಬ್ಬ ಮಳೆನೀರನ್ನು ಹೀರಿ, ಕೆಳಗಿನ ತೋಡಿಗೂ ಬಾವಿಗೂ ನಿಧಾನವಾಗಿ ಬಿಡುತ್ತದೆ.

ಬದಲಾದ ಪರಿಸ್ಥಿತಿ

1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿದಾರರು ಒಡೆಯರಾದರು. ಒಬ್ಬ ಧಣಿಯ ವರ್ಗ ಹಲವು ಕುಟುಂಬಗಳ ಕೈಗೆ ಬಂತು. ಇದು ನ್ಯಾಯವೇ ಆದರೂ, ಒಂದೇ ಹಾಡಿಯ ಅಂಚಿಗೆ ಹಲವರ ಗದ್ದೆ ತಾಗಿದಾಗ ಸೊಪ್ಪಿಗಾಗಿ ತಕರಾರುಗಳೂ ಹುಟ್ಟಿದವು. 1996ರ ಡಿಸೆಂಬರ್ 12ರಂದು ಸರ್ವೋಚ್ಚ ನ್ಯಾಯಾಲಯವು ಒಡೆತನ ಯಾರದೇ ಇರಲಿ, ಕಾಡಿನ ಲಕ್ಷಣವಿರುವ ಜಾಗವೆಲ್ಲ ಕಾಡೇ ಎಂದು ಆದೇಶಿಸಿದ ಮೇಲೆ ಅರಣ್ಯದ ಪ್ರಶ್ನೆಯೂ ಸೇರಿಕೊಂಡಿತು. ಇತ್ತ ಉಳುಮೆಗೆ ಟಿಲ್ಲರು ಬಂತು, ಹಟ್ಟಿಯಲ್ಲಿ ದನ ಕಡಿಮೆಯಾಯಿತು, ಸೊಪ್ಪು ತರುವ ಕೆಲಸಕ್ಕೆ ಆಳು ಸಿಗದಾಯಿತು. ಹೆದ್ದಾರಿ 66 ಚತುಷ್ಪಥವಾದ ಮೇಲೆ ಅದರ ಬದಿಯ ಊರುಗಳಲ್ಲಿ ನಿವೇಶನದ ಬೆಲೆ ಏರಿತು. ಹೀಗೆ ಕುಮ್ಕಿ ಎಂದರೆ ಸೊಪ್ಪು ನೆನಪಾಗುವ ಬದಲು ಸೆಂಟ್ಸಿನ ಲೆಕ್ಕ ನೆನಪಾಗುವ ಕಾಲ ಬಂದಿದೆ.

ನಿವೇಶನವಿಲ್ಲದವನ ಬೇಡಿಕೆಯನ್ನು ತಳ್ಳಿಹಾಕುವಂತಿಲ್ಲ. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗಾಗಿ ಅದೇ ಕಾಯಿದೆಯಲ್ಲಿ 94ಸಿ ಕಲಮು ಇದೆ. ಹತ್ತು ಸೆಂಟ್ಸಿಗಿಂತ ಕಡಿಮೆ ಜಾಗದಲ್ಲಿ ಒಂದು ಕುಟುಂಬ ನೆಲೆಸಿದರೆ ಬೈಲು ಹಾಳಾಗುವುದಿಲ್ಲ. ದಿಬ್ಬವನ್ನೇ ಕಡಿದು ಕಲ್ಲುಕೋರೆ ಮಾಡಿದರೆ ಹಾಳಾಗುತ್ತದೆ. ಮಣ್ಣು ಮಳೆಗೆ ಇಳಿದು ಗದ್ದೆಯಲ್ಲಿ ಕೂರುತ್ತದೆ, ತೋಡು ಬೇಗ ಬತ್ತುತ್ತದೆ. ಸೀತಾನದಿಯ ಬದಿಯ ತಗ್ಗಿನಲ್ಲಿ ಸಿಹಿನೀರಿನ ಒತ್ತಡ ತಗ್ಗಿದಂತೆ ಉಪ್ಪುನೀರು ಮುಂದೊತ್ತುತ್ತದೆ. ಆದ್ದರಿಂದ ಜಾಗ ಯಾರ ಹೆಸರಿಗೆ ಎಂದು ಕೇಳುವುದರ ಜೊತೆಗೆ, ಯಾವ ಬಳಕೆಗೆ ಎಂದೂ ಕೇಳಬೇಕು.

ರೈತರು ಗಮನಿಸಬೇಕಾದ ವಿಷಯಗಳು

1. ಪಹಣಿ ಮತ್ತು ಸರ್ವೆ ನಕ್ಷೆ ತರಿಸಿ ನೋಡಿರಿ. ಪಟ್ಟಾ ಜಾಗದ ಗಡಿಕಲ್ಲು ಎಲ್ಲಿ ಮುಗಿಯುತ್ತದೆ ಎಂಬುದು ಮನೆಯ ಕಿರಿಯರಿಗೂ ತಿಳಿದಿರಲಿ.

2. ಕುಮ್ಕಿಯನ್ನು ಸ್ವಂತ ಜಾಗವೆಂದು ಮಾರುವುದಾಗಲಿ ಕೊಳ್ಳುವುದಾಗಲಿ ಬೇಡ. ಮಾರುವವನಿಗೇ ಇಲ್ಲದ ಒಡೆತನ ಕಾಗದ ಬರೆಸಿದ ಮಾತ್ರಕ್ಕೆ ಕೊಳ್ಳುವವನಿಗೆ ಬರುವುದಿಲ್ಲ.

3. ಕುಮ್ಕಿಯ ಸವಲತ್ತಿನಲ್ಲಿ ಕಲ್ಲು ಕಡಿಯುವ, ಮಣ್ಣು ಸಾಗಿಸುವ ಹಕ್ಕು ಸೇರಿಲ್ಲ.

4. ಹಾಡಿಯ ತರಗೆಲೆಯನ್ನು ಪೂರ್ತಿ ಗುಡಿಸಬೇಡಿರಿ. ಪ್ರತಿವರ್ಷ ಒಂದು ಭಾಗವನ್ನು ಬಿಟ್ಟರೆ ಆ ನೆಲವೂ ಬದುಕುತ್ತದೆ.

5. ಸೊಪ್ಪು ಸಾಲದವರು ಮಳೆ ಹಿಡಿದೊಡನೆ ಗದ್ದೆಯ ಬದು ಮತ್ತು ಬೇಲಿಯ ಗುಂಟ ಗೊಬ್ಬರದ ಗಿಡದ (ಗ್ಲಿರಿಸಿಡಿಯ) ಗೂಟಗಳನ್ನು ನೆಡಬೇಕು. ಇದರ ಒಣ ಎಲೆಯಲ್ಲಿ ಸುಮಾರು ಶೇಕಡಾ 3ರಷ್ಟು ಸಾರಜನಕವಿದೆ. ನಾಟಿಗೆ ಮೊದಲು ಎಕರೆಗೆ 2 ಟನ್ ಹಸಿ ಸೊಪ್ಪನ್ನು ಕೆಸರಿನಲ್ಲಿ ತುಳಿಸಿರಿ.

6. ಮಣ್ಣು ಪರೀಕ್ಷೆ ಮಾಡಿಸಿ, ಹುಳಿಗೆ ತಕ್ಕಷ್ಟು ಸುಣ್ಣ ಹಾಕಿರಿ. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಈ ಬಗ್ಗೆ ಸಲಹೆ ದೊರೆಯುತ್ತದೆ.

ವಿಸ್ತರಣಾ ಕಾರ್ಯಕರ್ತರ ಪಾತ್ರವೂ ಇಲ್ಲಿ ಮುಖ್ಯ. ಗ್ರಾಮಸಭೆಯಲ್ಲಿ ಕುಮ್ಕಿಯ ಚರ್ಚೆ ಬಂದಾಗ ಯಾವ ದಿಬ್ಬದ ನೀರು ಯಾವ ಬೈಲಿಗೆ ಇಳಿಯುತ್ತದೆ, ಎಷ್ಟು ಗದ್ದೆ ಅದನ್ನು ನಂಬಿದೆ ಎಂಬುದನ್ನು ಅವರು ನಕ್ಷೆಯ ಮೇಲೆ ತೋರಿಸಬೇಕು. ಮನೆಗೆ ಯಾವ ಜಾಗ, ಸೊಪ್ಪಿಗೆ ಯಾವ ಜಾಗ, ನೀರಿಗಾಗಿ ಮುಟ್ಟದೆ ಬಿಡಬೇಕಾದ ಜಾಗ ಯಾವುದು ಎಂದು ಊರಿನವರೇ ಕೂಡಿ ಗುರುತಿಸಿ ಸರ್ಕಾರದ ಮುಂದಿಟ್ಟರೆ, ಆ ಬೇಡಿಕೆಗೆ ತೂಕ ಬರುತ್ತದೆ. ಕಾನೂನು ನಾಳೆ ಯಾರ ಹೆಸರಿಗೆ ಜಾಗ ಬರೆದರೂ, ದಿಬ್ಬದ ಮರಗಿಡ ಉಳಿದರೆ ಮಾತ್ರ ಕೆಳಗಿನ ಗದ್ದೆಯಲ್ಲಿ ಭತ್ತ ಬೆಳೆದೀತು.