ಸೀರಿಯಲ್ ವಿಲನ್ ಕಾಡಿಗೆ, ದುರ್ಗೆಯ ಕಾಡಿಗೆ

ಇವತ್ತಿನ ಸಂಚಿಕೆ ಟಿವಿ ಸೀರಿಯಲ್‌ಗಳ ಬಗ್ಗೆ. ‘ಅಯ್ಯೋ, ನಾವು ಸೀರಿಯಲ್ ನೋಡಲ್ಲಪ್ಪಾ’ ಅಂತ ಮುಂದಕ್ಕೆ ತಳ್ಳಬೇಡಿ. ನಾನೂ ಹಂಗೇ ಅಂತಿದ್ದೆ. ಆದ್ರೆ ಸೀರಿಯಲ್ ನೋಡದೇ ಇದ್ರೂ ಅದರ ಕಣ್ಣಿನಿಂದ ಮನುಷ್ಯರನ್ನ ಅಳೆಯೋದು ಕಲಿತುಬಿಟ್ಟಿದ್ದೆ. ಅದರಿಂದ ಒಬ್ಬರಿಗೆ ನೋವಾಯ್ತು. ಅದನ್ನ ಹೇಳಿಬಿಡೋಣ ಅಂತಲೇ ಈ ಸಂಚಿಕೆ.

ಮೊದಲು ಊರು ಹೇಳ್ತೀನಿ. ನಮ್ಮದು ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪ್. ಆರ್.ಎಚ್. ಅಂದ್ರೆ ರಿಹ್ಯಾಬಿಲಿಟೇಶನ್, ಅಂದ್ರೆ ಪುನರ್ವಸತಿ. ಪೂರ್ವ ಪಾಕಿಸ್ತಾನದಿಂದ ಎಲ್ಲಾ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಜಾಗ ಕೊಟ್ಟು ಕೂರಿಸಿದ ಊರುಗಳಿವು. ಸುತ್ತ ತುಂಗಭದ್ರಾ ಎಡದಂಡೆ ಕಾಲುವೆ, ಭತ್ತದ ಗದ್ದೆ. ಮನೆಯೊಳಗೆ ಬಾಂಗ್ಲಾ, ಶಾಲೆಯಲ್ಲಿ ಕನ್ನಡ. ನವರಾತ್ರಿ ಬಂತಂದ್ರೆ ಅಕ್ಕಪಕ್ಕದ ಹಳ್ಳಿಗಳಲ್ಲಿ ಚಿದಾನಂದಾವಧೂತರ ದೇವಿ ಪುರಾಣ ಓದ್ತಾರೆ, ನಮ್ಮ ಕ್ಯಾಂಪಿನಲ್ಲಿ ದುರ್ಗಾಪೂಜೆಯ ಪೆಂಡಾಲ್ ಏಳುತ್ತೆ. ಕಥೆ ಎರಡೂ ಕಡೆ ಒಂದೇ, ದೇವಿ ಮಹಿಷಾಸುರನನ್ನ ಕೊಂದ ಕಥೆ.

ಈಗ ವಿಷಯಕ್ಕೆ ಬರ್ತೀನಿ. ಕೆಲವು ವರ್ಷದ ಹಿಂದೆ ನಮ್ಮ ಓಣಿಗೆ ಒಬ್ಬ ಬೌದಿ ಮದುವೆಯಾಗಿ ಬಂದ್ರು. ಬೌದಿ ಅಂದ್ರೆ ಅತ್ತಿಗೆ. ಮಸ್ಕಿ ಕಡೆಯ ಕನ್ನಡದ ಹೆಣ್ಣುಮಗಳು. ಬಾಂಗ್ಲಾ ಬರ್ತಿರಲಿಲ್ಲ, ಅದಕ್ಕೇ ಮಾತು ಕಮ್ಮಿ. ಕಣ್ಣಿಗೆ ದಪ್ಪ ಕಾಡಿಗೆ ಹಚ್ಚತಿದ್ರು. ಸುಗ್ಗಿ ಮುಗಿದ ಮೇಲೆ ಒಂದಿನ ಮನೆಯಲ್ಲಿ ಎಲ್ಲರ ಎದುರಿಗೆ, ‘ಭತ್ತದ ರೊಕ್ಕ ಎಷ್ಟು ಬಂತು? ಸಾಲಕ್ಕೆ ಎಷ್ಟು ಹೋತು?’ ಅಂತ ಕೇಳಿದ್ರಂತೆ. ಅಷ್ಟೇ. ಅದು ಓಣಿ ತುಂಬಾ ಸುದ್ದಿ ಆಯ್ತು. ಅವರಿಗೆ ಒಂದು ಸೀರಿಯಲ್ ವಿಲನ್ ಹೆಸರು ಬಿತ್ತು.

ಆ ಹೆಸರು ಇಟ್ಟಿದ್ದು ನಾನು. ಅವರು ಕೊಡ ತಗೊಂಡು ಹೋಗೋದನ್ನ ಮೊಬೈಲಿನಲ್ಲಿ ತೆಗೆದು, ಮುಖವನ್ನ ಮೂರು ಸಲ ಝೂಮ್ ಮಾಡಿ, ಹಿಂದೆ ಗುಡುಗಿನ ಸೌಂಡು ಹಾಕಿ ಗೆಳೆಯರ ಗ್ರೂಪಿಗೆ ಬಿಟ್ಟೆ. ಹದಿನೈದು ಸೆಕೆಂಡಿನ ವಿಡಿಯೋ. ಎಲ್ರೂ ನಕ್ಕರು. ವಾರದೊಳಗೆ ಅದು ಸುತ್ತಾಡಿ ಅವರ ಮೊಬೈಲಿಗೇ ಹೋಗಿ ಮುಟ್ಟಿತ್ತು. ಆಮೇಲೆ ಅವರು ಕಾಡಿಗೆ ಹಚ್ಚೋದನ್ನೇ ಬಿಟ್ರು.

ಯೋಚನೆ ಮಾಡಿ. ಆ ವಿಡಿಯೋದಲ್ಲಿ ಅವರು ಕೆಟ್ಟದ್ದು ಏನೂ ಮಾಡಿರಲಿಲ್ಲ, ನೀರು ತರ್ತಿದ್ರು. ಆದ್ರೂ ನೋಡಿದ ಪ್ರತಿಯೊಬ್ಬನಿಗೂ ‘ಇವಳು ಕೆಟ್ಟವಳು’ ಅಂತ ಗೊತ್ತಾಯ್ತು. ಹೇಗೆ? ನಾವೆಲ್ಲ ಒಂದೇ ಭಾಷೆ ಕಲಿತಿದ್ವಿ, ಸೀರಿಯಲ್‌ನ ಭಾಷೆ.

ಆ ಭಾಷೆ ಯಾಕೆ ಹಂಗಿದೆ ಅನ್ನೋದಕ್ಕೆ ಕಾರಣ ಇದೆ. ಅರ್ಧ ಗಂಟೆಯ ಸ್ಲಾಟಿನಲ್ಲಿ ಜಾಹೀರಾತು ತೆಗೆದ್ರೆ ಕಥೆಗೆ ಉಳಿಯೋದು ಇಪ್ಪತ್ತು ಚಿಲ್ಲರೆ ನಿಮಿಷ. ನೋಡೋರು ಒಂದು ಕಡೆ ರೊಟ್ಟಿ ತಟ್ಟತಿರ್ತಾರೆ, ಒಂದು ಕಡೆ ಮಕ್ಕಳಿಗೆ ಹೋಂವರ್ಕ್ ಮಾಡಸ್ತಿರ್ತಾರೆ. ಟಿವಿ ಕಡೆ ತಿರುಗಿದ ಒಂದೇ ಕ್ಷಣದಲ್ಲಿ ಯಾರು ಒಳ್ಳೆಯವರು, ಯಾರು ಕೆಟ್ಟವರು ಅಂತ ತಿಳಿಬೇಕು. ಅದಕ್ಕೇ ಒಳ್ಳೆಯವಳಿಗೆ ತುಳಸಿ ಕಟ್ಟೆ, ದೀಪ, ಜಡೆ, ತಗ್ಗಿಸಿದ ತಲೆ. ದೇವರು ಬಲಗಡೆ ಹೂವು ಕೊಡೋದೂ ಅವಳಿಗೇ. ಕೆಟ್ಟವಳಿಗೆ ಬಿಚ್ಚಿದ ಕೂದಲು, ದಪ್ಪ ಕಾಡಿಗೆ, ಎತ್ತಿದ ಹುಬ್ಬು, ಗುಡುಗು. ಅವಳು ಬಂದ ತಕ್ಷಣ ದೀಪ ಆರುತ್ತೆ.

ಈ ಸಂಕೇತಗಳು ಬಹಳಷ್ಟು ಪುರಾಣದಿಂದ ಬಂದವು. 1987ರ ಜನವರಿ 25ಕ್ಕೆ ದೂರದರ್ಶನದಲ್ಲಿ ರಮಾನಂದ ಸಾಗರ್ ಅವರ ರಾಮಾಯಣ ಶುರುವಾಯ್ತು. 1988ರಲ್ಲಿ ಬಿ.ಆರ್. ಚೋಪ್ರಾ ಅವರ ಮಹಾಭಾರತ ಬಂತು. ಶಂಖ, ಮಿಂಚು, ದೊಡ್ಡದಾಗಿ ತೋರಿಸೋ ಮುಖ, ಎಲ್ಲಾ ಮನೆಮನೆಗೆ ಮುಟ್ಟಿತು. ಆದ್ರೆ ಅಲ್ಲಿ ಇನ್ನೊಂದು ತಮಾಷೆ ನಡೀತು. 1991ರ ಲೋಕಸಭಾ ಚುನಾವಣೆಯಲ್ಲಿ ಸೀತೆಯ ಪಾತ್ರ ಮಾಡಿದ ದೀಪಿಕಾ ಚಿಖಲಿಯಾನೂ ಗೆದ್ದರು, ರಾವಣನ ಪಾತ್ರ ಮಾಡಿದ ಅರವಿಂದ್ ತ್ರಿವೇದಿನೂ ಗೆದ್ದರು, ಇಬ್ಬರೂ ಗುಜರಾತಿನಿಂದ. ಅಂದ್ರೆ ಜನ ರಾವಣನ ವೇಷ ನೋಡಿ ಆ ಮನುಷ್ಯನನ್ನ ದ್ವೇಷಿಸಲಿಲ್ಲ. ಓದಿದ, ಶಿವನ ಭಕ್ತನಾದ ರಾವಣನನ್ನ ಅವರು ಮೆಚ್ಚಿಕೊಂಡೂ ಇದ್ರು.

ಪುರಾಣ ಹಂಗೇ ಇರೋದು. ಅಲ್ಲಿ ಕೆಟ್ಟತನ ಹುಟ್ಟಿನಿಂದ ಬರಲ್ಲ, ಮುಖದಿಂದಲೂ ಬರಲ್ಲ. ಹಿರಣ್ಯಕಶಿಪುವಿನ ಮಗ ಪ್ರಹ್ಲಾದ. ರಾವಣನ ತಮ್ಮ ವಿಭೀಷಣ. ಬಲಿ ಚಕ್ರವರ್ತಿ ಅಸುರನೇ, ಆದ್ರೂ ದೀಪಾವಳಿಗೆ ಬಲಿಪಾಡ್ಯಮಿ ದಿನ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಅವನನ್ನ ಕರೆದು ಪೂಜೆ ಮಾಡ್ತಾರೆ. ಅಸುರರು ತಪಸ್ಸು ಮಾಡಿ, ಕಷ್ಟಪಟ್ಟು ವರ ಗಳಿಸ್ತಾರೆ. ಕೆಡೋದು ಆ ವರ ಸಿಕ್ಕ ಮೇಲೆ, ‘ಎಲ್ಲಾ ನಂದೇ’ ಅಂದಾಗ. ಮಹಿಷ ಮಾಡಿದ್ದೂ ಅದೇ, ಎಲ್ಲಾ ದೇವತೆಗಳ ಪಾಲನ್ನ ಒಬ್ಬನೇ ಕಿತ್ಕೊಂಡ.

ನಾನು ಬಿಕಾಂ ಓದಿದವನು, ಅದಕ್ಕೆ ಲೆಕ್ಕದ ಮಾತಿನಲ್ಲಿ ಹೇಳ್ತೀನಿ. ಪುರಾಣದಲ್ಲಿ ಕೊನೆಗೆ ಖಾತೆ ಮುಗಿಯುತ್ತೆ. ಪಾಪ ತೀರುತ್ತೆ, ಅಸುರನಿಗೂ ಸದ್ಗತಿ ಸಿಗುತ್ತೆ. ದೇವೀ ಮಾಹಾತ್ಮ್ಯೆಯ ನಾಲ್ಕನೇ ಅಧ್ಯಾಯದಲ್ಲಿ ದೇವತೆಗಳು ದೇವಿಯನ್ನ ಹೊಗಳೋದು ಇದಕ್ಕೇ. ಶತ್ರುಗಳು ಕೂಡ ನಿನ್ನ ಆಯುಧದಿಂದ ಶುದ್ಧರಾಗಿ ಮೇಲಿನ ಲೋಕಕ್ಕೆ ಹೋಗಲಿ ಅನ್ನೋದು ನಿನ್ನ ಮನಸ್ಸು ಅಂತಾರೆ. ಸೀರಿಯಲ್‌ನಲ್ಲಿ ಖಾತೆ ಮುಗಿಸೋಕೆ ಆಗಲ್ಲ. ವಿಲನ್ ಬದಲಾದ್ರೆ ಕಥೆ ನಿಲ್ಲುತ್ತೆ, ಟಿಆರ್‌ಪಿ ಬೀಳುತ್ತೆ. ಅದಕ್ಕೇ ಅವಳ ಕೆಟ್ಟತನ ದಿನಾ ಕ್ಯಾರಿ ಫಾರ್ವರ್ಡ್ ಆಗ್ತಾ ಹೋಗುತ್ತೆ. ಸಾವಿರ ಸಂಚಿಕೆ ನೋಡಿದ ಮೇಲೆ ನಮ್ಮ ತಲೆಯಲ್ಲಿ ಉಳಿಯೋದು ಏನು? ಕೆಟ್ಟವರು ಬದಲಾಗಲ್ಲ, ಅವರ ಮುಖದಲ್ಲೇ ಬರೆದಿರುತ್ತೆ ಅಂತ.

ಇನ್ನೊಂದು ವಿಷಯ ನಮ್ಮ ಠಾಕುಮಾ, ಅಂದ್ರೆ ನಮ್ಮಪ್ಪನ ಅಮ್ಮ, ಹೇಳಿಕೊಟ್ಟಿದ್ದು. ದಿನಾ ಸಂಜೆ ಟಿವಿ ಮುಂದೆ ಕೂತು ವಿಲನ್‌ಗೆ ಬೈತಾಳೆ. ಒಂದಿನ ಕೇಳಿದೆ, ‘ಅಷ್ಟು ಸಿಟ್ಟಿದ್ರೆ ಯಾಕೆ ನೋಡ್ತೀಯ?’ ಅಂತ. ಅವಳು ಅಂದಿದ್ದು: ‘ಆ ಮನೆಯಲ್ಲಿ ಬಾಯಿ ಬಿಟ್ಟು ಮಾತಾಡೋಳು ಅವಳೊಬ್ಬಳೇ ಅಲ್ಲವಾ? ಉಳಿದವರು ಬರೀ ಅಳ್ತಾರೆ.’ ಇದು ನಿಜ. ಆಸ್ತಿ ಪೇಪರ್ ಕೇಳೋಳು ವಿಲನ್. ಬೀರುವಿನ ಕೀಲಿ ಕೇಳೋಳು ವಿಲನ್. ನಾಯಕಿ ‘ನನಗೇನೂ ಬೇಡ’ ಅಂತಾಳೆ, ಅದಕ್ಕೇ ಅವಳು ದೇವತೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಕೊಡೋ ತಿದ್ದುಪಡಿಯನ್ನ ಕರ್ನಾಟಕ 1994ರಲ್ಲೇ ತಂತು, ಇಡೀ ದೇಶಕ್ಕೆ 2005ರಲ್ಲಿ ಬಂತು. ಕಾನೂನು ಕೊಟ್ಟ ಪಾಲನ್ನ ಬಾಯಿಬಿಟ್ಟು ಕೇಳಿದ್ರೆ ಮಾತ್ರ ಇವತ್ತಿಗೂ ಹಿಂದೆ ಗುಡುಗಿನ ಸೌಂಡು ಬರುತ್ತೆ. ನಮ್ಮ ಬೌದಿ ಪಾಲು ಕೂಡ ಕೇಳಿರಲಿಲ್ಲ. ಬರೀ ಲೆಕ್ಕ ಕೇಳಿದ್ರು.

ಆ ವರ್ಷ ದುರ್ಗಾಪೂಜೆಗೆ ಪೆಂಡಾಲ್ ಕೆಲಸಕ್ಕೆ ಹೋಗಿದ್ದೆ. ಮೂರ್ತಿ ತಯಾರಾಗೋದು ನೋಡಿದೀರಾ? ಮೊದಲು ಬಿದಿರು, ಹುಲ್ಲು. ಅದರ ಮೇಲೆ ಮಣ್ಣು. ದೇವಿಗೂ ಅದೇ ಮಣ್ಣು, ಸಿಂಹಕ್ಕೂ ಅದೇ, ಅಸುರನಿಗೂ ಅದೇ. ಬಂಗಾಳದ ಹಳೇ ಸಂಪ್ರದಾಯದಲ್ಲಿ ಆ ಮಣ್ಣಿಗೆ ವೇಶ್ಯೆಯ ಮನೆ ಬಾಗಿಲಿನ ಮಣ್ಣನ್ನೂ ಕೇಳಿ ತಂದು ಬೆರೆಸ್ತಾರೆ. ಊರು ಯಾರನ್ನ ಪಾಪಿ ಅಂತ ದೂರ ಇಟ್ಟಿದೆಯೋ ಅವರ ಮನೆ ಮಣ್ಣಿಲ್ಲದೆ ದೇವಿಯ ಮೈ ಪೂರ್ತಿ ಆಗಲ್ಲ. ಕಾಲಿಕಾ ಪುರಾಣದಲ್ಲಂತೂ ದೇವಿ ಮಹಿಷನಿಗೆ ಮಾತು ಕೊಡ್ತಾಳೆ, ನನಗೆ ಪೂಜೆ ಆಗೋ ಕಡೆಯೆಲ್ಲಾ ನನ್ನ ಪಾದದ ಹತ್ತಿರ ಇರೋ ನಿನಗೂ ಪೂಜೆ ಆಗುತ್ತೆ ಅಂತ. ಅದಕ್ಕೇ ಅವನು ಆ ಚೌಕಟ್ಟು ಬಿಟ್ಟು ಹೋಗಲ್ಲ. ವಿಜಯದಶಮಿಗೆ ಇಬ್ಬರೂ ಒಂದೇ ನೀರಿಗೆ ಇಳೀತಾರೆ.

ಕೊನೆಗೆ ಬರೆಯೋದು ದೇವಿಯ ಕಣ್ಣು. ಅದಕ್ಕೆ ಚೊಕ್ಖುದಾನ್ ಅಂತಾರೆ. ಕಣ್ಣು ಬರೆಯೋತನಕ ಅದು ಮೂರ್ತಿ, ಬರೆದ ಮೇಲೆ ಅಮ್ಮ. ಮೂರ್ತಿ ಮಾಡೋರು ಬ್ರಷ್ ತಗೊಂಡು ದೊಡ್ಡ ಕಣ್ಣು, ದಪ್ಪ ಕಾಡಿಗೆ ಎಳೀತಿದ್ರು. ಬಿಚ್ಚಿದ ಕೂದಲು, ಎತ್ತಿದ ಹುಬ್ಬು, ಕೈಯಲ್ಲಿ ಆಯುಧ. ಆಗ ನನಗೆ ಒಮ್ಮೆಲೇ ಮೈ ತಣ್ಣಗಾಯ್ತು ನೋಡಿ. ಈ ಮುಖವನ್ನ ಮೂರು ಸಲ ಝೂಮ್ ಮಾಡಿ ಗುಡುಗು ಹಾಕಿದ್ರೆ, ನಾನು ಮಾಡಿದ ವಿಡಿಯೋನೇ ಅದು. ಸೀರಿಯಲ್ ಲೆಕ್ಕದಲ್ಲಿ ದುರ್ಗೆಯೇ ವಿಲನ್. ದೇವರುಗಳೆಲ್ಲ ಸೋತು ಕೂತಾಗ ಎದ್ದು ನಿಂತು, ಕಿತ್ಕೊಂಡ ಪಾಲನ್ನ ವಾಪಸ್ ತಂದವಳು. ಅವಳ ಸಿಟ್ಟು ಯಾರ ಸಲುವಾಗಿ ಅಂತ ಗೊತ್ತಿರೋದಕ್ಕೆ ನಾವು ಅವಳಿಗೆ ಕೈ ಮುಗೀತೀವಿ. ಬೌದಿಯ ಪ್ರಶ್ನೆ ಯಾರ ಸಲುವಾಗಿ ಅಂತ ನಾವು ಯಾರೂ ಕೇಳಲೇ ಇಲ್ಲ. ಆಮೇಲೆ ಗೊತ್ತಾಯ್ತು, ಆ ಮನೆಯಲ್ಲಿ ಸಾಲದ ಬಡ್ಡಿ ಎಷ್ಟು ಅಂತ ಯಾರೂ ಬರೆದಿಟ್ಟಿರಲಿಲ್ಲ. ಬರೆದಿಡೋಕೆ ಶುರು ಮಾಡಿದ್ದು ಅವರೇ.

ಅಷ್ಟಮಿ ಸಂಜೆ ಅವರ ಮನೆಗೆ ಹೋದೆ. ಏನು ಹೇಳಬೇಕು ಅಂತ ಗೊತ್ತಿರಲಿಲ್ಲ. ‘ಬೌದಿ, ತಪ್ಪಾಯ್ತು’ ಅಂದೆ. ಅವರು ಅಕ್ಕಿ ಆರಿಸ್ತಾ ಕೂತಿದ್ರು. ತಲೆ ಎತ್ತದೇ ಅಂದ್ರು: ‘ತಪ್ಪಾತು ಅನ್ನೋದು ಆಮ್ಯಾಲೆ ತಮ್ಮಾ. ಮೊದಲು ಆ ವಿಡಿಯೋ ತೆಗಿ. ಯಾರ್ಯಾರಿಗೆ ಕಳಿಸೀಯೋ ಅವರಿಗೆಲ್ಲ ನೀನೇ ಹೇಳಿ ತೆಗಸು.’

ಹೇಳಿದೆ. ಕೆಲವರು ತೆಗೆದ್ರು. ಕೆಲವರು ನಕ್ಕು ಸುಮ್ಮನಾದ್ರು. ಎಲ್ಲೆಲ್ಲಿ ಹೋಗಿದೆಯೋ, ಪೂರ್ತಿ ವಾಪಸ್ ತರೋಕೆ ನನ್ನ ಕೈಲಿ ಆಗಲ್ಲ. ಈ ಸಂಚಿಕೆ ಮಾಡೋದಕ್ಕೂ ಅವರನ್ನ ಕೇಳಿದೆ. ಹೆಸರು ಹಾಕಬ್ಯಾಡ ಅಂದ್ರು, ಹಾಕಿಲ್ಲ.

ಸೀರಿಯಲ್ ನೋಡಬೇಡಿ ಅಂತ ನಾನು ಹೇಳಲ್ಲ. ನಮ್ಮ ಠಾಕುಮಾ ಈಗಲೂ ನೋಡ್ತಾಳೆ, ಬೈತಾಳೆ, ಚೆನ್ನಾಗಿ ನಿದ್ದೆ ಮಾಡ್ತಾಳೆ. ನಿಮ್ಮ ಓಣಿಯಲ್ಲಿ, ಕಾಲೇಜಿನಲ್ಲಿ, ಆಫೀಸಿನಲ್ಲಿ ಯಾರಿಗಾದ್ರೂ ವಿಲನ್ ಹೆಸರು ಬಿದ್ದಿದ್ರೆ, ಅವರು ಏನು ಕೇಳಿದ್ದಕ್ಕೆ ಆ ಹೆಸರು ಬಿತ್ತು ಅಂತ ಒಂದ್ಸಲ ವಿಚಾರ ಮಾಡಿ. ನಿಮ್ಮ ಮೊಬೈಲಿನಲ್ಲಿ ಅಂಥದ್ದೊಂದು ವಿಡಿಯೋ ಇದ್ರೆ ಇವತ್ತೇ ತೆಗೀರಿ.

ಮುಂದಿನ ವಾರ ಸಿಗೋಣ. ನಮಸ್ಕಾರ.